ಪಾತ್ರ ಕಟ್ಟುವ ಲೆಕ್ಕ

ಚದುರಂಗದ ಹಾಸಿನ ಮೇಲೆ ಕುದುರೆಯ ನಡೆ ಎಂದೆಂದಿಗೂ ಒಂದೇ. ಆಟಗಾರನು ಎಷ್ಟೇ ಜಾಣನಾಗಿರಲಿ, ಕುದುರೆಗೆ ಆನೆಯ ನಡೆಯನ್ನು ಕಲಿಸಲಾರನು. ಕವಡೆ ಹಾಕಿ ಆಡುವ ಚೌಕಾಬಾರದಲ್ಲಿಯಾದರೋ ಕಾಯಿಗಳೆಲ್ಲ ಸರಿಸಮಾನ. ಬಣ್ಣವೊಂದನ್ನುಳಿದು ಅವುಗಳಲ್ಲಿ ಭೇದವೇ ಇಲ್ಲ. ಆದರೆ ಕಳೆದ ಅರ್ಧ ಶತಮಾನದಲ್ಲಿ ಹುಟ್ಟಿ ಬೆಳೆದ ಒಂದು ಬಗೆಯ ಆಟದಲ್ಲಿ ಕಾಯಿಯನ್ನೇ ಆಟಗಾರನು ತನ್ನ ಕೈಯಾರೆ ರೂಪಿಸುತ್ತಾನೆ. ಅದು ಬಲಶಾಲಿಯಾಗಬೇಕೇ, ಚುರುಕಾಗಬೇಕೇ, ಗಾಯ ಮಾಯಿಸುವ ವೈದ್ಯನಾಗಬೇಕೇ ಎಂಬುದನ್ನು ಅವನೇ ನಿಶ್ಚಯಿಸುತ್ತಾನೆ. ಅಂತರಜಾಲದ ಮೇಲೆ ಸಾವಿರಾರು ಜನರು ಒಟ್ಟಾಗಿ ಆಡುವ ಪಾತ್ರಧಾರಿ ಆಟಗಳು ಈ ಬಗೆಯವು.

ಹುಬ್ಬಳ್ಳಿ-ಧಾರವಾಡಗಳ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ಕಾಲೇಜಿನ ಹುಡುಗರ ಮಾತಿಗೆ ಕಿವಿಗೊಟ್ಟರೆ "ನಿನ್ನ ಬಿಲ್ಡ್ ಯಾವ್ದಲೇ?" ಎಂಬ ಪ್ರಶ್ನೆ ಒಮ್ಮೊಮ್ಮೆ ಕೇಳಿಬರುವುದುಂಟು. ಕಟ್ಟಡದ ಮಾತಲ್ಲ ಅದು. ಪಾತ್ರದ ಕಟ್ಟಣೆಯ ಮಾತು. ಈ ಬಿಲ್ಡ್ ಎಂದರೇನು, ಅದರ ಹಿಂದೆ ಎಂತಹ ಗಣಿತವಿದೆ, ಅದರಿಂದ ನಾವು ಅರಿಯತಕ್ಕದ್ದು ಏನಾದರೂ ಉಂಟೇ ಎಂಬುದನ್ನು ಇಲ್ಲಿ ವಿಚಾರಿಸೋಣ.

ದಾಳದಿಂದ ಆಯ್ಕೆಗೆ

೧೯೭೪ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟವನ್ನು ಪ್ರಕಟಿಸಿದರು. ಕಾಗದ, ಸೀಸದ ಕಡ್ಡಿ, ದಾಳ ಇವಿಷ್ಟೇ ಅದರ ಸಲಕರಣೆ. ಪ್ರತಿಯೊಂದು ಪಾತ್ರಕ್ಕೂ ಬಲ, ಬುದ್ಧಿ, ವಿವೇಕ, ಚಾಪಲ್ಯ, ದೇಹದಾರ್ಢ್ಯ, ಆಕರ್ಷಣೆ ಎಂಬ ಆರು ಗುಣಗಳು. ಒಂದೊಂದು ಗುಣಕ್ಕೂ ಮೂರು ದಾಳಗಳನ್ನು ಉರುಳಿಸಿ ಬಂದ ಮೊತ್ತವನ್ನು ಬರೆದುಕೊಳ್ಳಬೇಕು. ಮೂರು ದಾಳಗಳು ಬೀಳುವ ರೀತಿಗಳು ೬ × ೬ × ೬, ಎಂದರೆ ೨೧೬. ಇವುಗಳಲ್ಲಿ ೧೮ ಬರುವುದು ಒಂದೇ ಒಂದು ರೀತಿಯಿಂದ. ೧೦ ಬರುವುದಾದರೋ ೨೭ ರೀತಿಗಳಿಂದ. ಆದ್ದರಿಂದ ಮಹಾಬಲಶಾಲಿ ಹುಟ್ಟುವುದು ಅಪರೂಪ, ಸಾಧಾರಣನು ಹುಟ್ಟುವುದು ಸಹಜ. ಇಲ್ಲಿ ಪಾತ್ರದ ಗುಣವು ಹಣೆಬರಹದ ಹಾಗೆ ಬಂದದ್ದು; ಆಟಗಾರನ ಆಯ್ಕೆ ಅಲ್ಪ.

೧೯೭೮ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಷಾ ಎಂಬ ವಿದ್ಯಾರ್ಥಿಯು ಅನೇಕರು ಒಂದೇ ಗಣಕದಲ್ಲಿ ಏಕಕಾಲಕ್ಕೆ ಆಡಬಹುದಾದ 'ಮಡ್' ಎಂಬ ಆಟವನ್ನು ರಚಿಸತೊಡಗಿದನು. ರಿಚರ್ಡ್ ಬಾರ್ಟಲ್ ಅದನ್ನು ಮುಂದುವರಿಸಿದನು. ಇಂದಿನ ಆನ್‌ಲೈನ್ ಪಾತ್ರಧಾರಿ ಆಟಗಳಿಗೆಲ್ಲ ಇದೇ ಮೂಲಪುರುಷ. ಕ್ರಮೇಣ ಇಂತಹ ಆಟಗಳಲ್ಲಿ ದಾಳದ ಹಣೆಬರಹ ಹಿಂದೆ ಸರಿದು, ಆಟಗಾರನ ಕೈಗೆ ಅಂಕಗಳ ಗಂಟೊಂದನ್ನು ಕೊಟ್ಟು "ಬೇಕಾದಂತೆ ಹಂಚಿಕೋ" ಎನ್ನುವ ಪದ್ಧತಿ ಬಲವಾಯಿತು. ಹೀಗೆ ಹಂಚಿಕೊಂಡ ರೀತಿಗೇ ಬಿಲ್ಡ್ ಎಂದು ಹೆಸರು.

ಮಿತಿಯೇ ಜೀವಾಳ

೧೯೯೭ರಲ್ಲಿ ಬಂದ 'ಅಲ್ಟಿಮಾ ಆನ್‌ಲೈನ್' ಎಂಬ ಆಟವನ್ನು ನಿದರ್ಶನವಾಗಿ ತೆಗೆದುಕೊಳ್ಳೋಣ. ಕತ್ತಿವರಸೆ, ಮಂತ್ರವಿದ್ಯೆ, ಕಮ್ಮಾರಿಕೆ, ಮೀನು ಹಿಡಿಯುವುದು ಮುಂತಾದ ಹತ್ತಾರು ಕುಶಲತೆಗಳನ್ನು ಅದರಲ್ಲಿ ಕಲಿಯಬಹುದಾಗಿದ್ದಿತು. ಒಂದೊಂದರಲ್ಲಿಯೂ ೧೦೦ ಅಂಕಗಳವರೆಗೆ ಏರಬಹುದು. ಆದರೆ ಎಲ್ಲವೂ ಕೂಡಿ ೭೦೦ನ್ನು ಮೀರುವಂತಿಲ್ಲ. ಏಳು ವಿದ್ಯೆಗಳಲ್ಲಿ ಪಾರಂಗತನಾಗಬಹುದು, ಇಲ್ಲವೇ ಹದಿನಾಲ್ಕರಲ್ಲಿ ಅರೆಪಂಡಿತನಾಗಬಹುದು. ಸರ್ವಜ್ಞನಾಗುವುದು ಮಾತ್ರ ಸಾಧ್ಯವಿಲ್ಲ.

ಈ ಮಿತಿಯೇ ಬಿಲ್ಡಿಗೆ ಅರ್ಥ ಕೊಡುವುದು. ಅಂಕಗಳು ಅಪರಿಮಿತವಾಗಿದ್ದರೆ ಎಲ್ಲರೂ ಎಲ್ಲವನ್ನೂ ಪಡೆದು ಒಬ್ಬನಂತೆಯೇ ಇನ್ನೊಬ್ಬನಾಗುತ್ತಿದ್ದನು. ಕೊರತೆಯಿರುವುದರಿಂದ ಭೇದ ಹುಟ್ಟುತ್ತದೆ. ಭೇದವಿರುವುದರಿಂದ ಒಬ್ಬನಿಗೆ ಇನ್ನೊಬ್ಬನು ಬೇಕಾಗುತ್ತಾನೆ. ೨೦೦೪ರಲ್ಲಿ ಬಂದ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಆಟದಲ್ಲಿ ನಲವತ್ತು ಜನರು ಕೂಡಿ ಒಬ್ಬ ದೈತ್ಯನನ್ನು ಎದುರಿಸುವ ಪ್ರಸಂಗಗಳಿದ್ದವು. ಏಟು ತಾಳಿಕೊಳ್ಳುವವನು, ಗಾಯ ಮಾಯಿಸುವವನು, ಏಟು ಕೊಡುವವನು ಎಂದು ಅಲ್ಲಿ ಮೂರು ವರ್ಗ. ನಲವತ್ತು ಜನರೂ ಏಟು ಕೊಡುವವರೇ ಆದರೆ ದಂಡು ಕ್ಷಣದಲ್ಲಿ ನೆಲಕಚ್ಚುತ್ತದೆ.

ಆಯ್ಕೆಗಳ ಸಂಖ್ಯೆಯಾದರೂ ಸಣ್ಣದಲ್ಲ. ಆರು ಗುಣಗಳಿಗೆ ಕೇವಲ ಹತ್ತು ಅಂಕಗಳನ್ನು ಹಂಚುವ ರೀತಿಗಳು ಎಷ್ಟು? ಸಂಯೋಜನೆಯ ಗಣಿತವನ್ನು ಬಲ್ಲ ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಿ ನೋಡಬಹುದು: ೩೦೦೩.

ಅಂಕವನ್ನು ಎಲ್ಲಿ ಸುರಿಯಬೇಕು?

ಒಬ್ಬ ಬಿಲ್ಲಾಳನ್ನು ಕಲ್ಪಿಸಿಕೊಳ್ಳೋಣ. ಅವನ ಒಂದು ಬಾಣದ ಪೆಟ್ಟು ೫೦. ನಿಮಿಷಕ್ಕೆ ಬಿಡುವ ಬಾಣಗಳು ೧೦. ಅವನಿಗೆ ೬೦ ಅಂಕಗಳನ್ನು ಕೊಟ್ಟಿದೆ. ಒಂದು ಅಂಕಕ್ಕೆ ಪೆಟ್ಟು ಒಂದರಷ್ಟು ಹೆಚ್ಚಬಹುದು, ಇಲ್ಲವೇ ಬಾಣಗಳ ಸಂಖ್ಯೆ ಒಂದರಷ್ಟು ಹೆಚ್ಚಬಹುದು. ನಿಮಿಷವೊಂದರಲ್ಲಿ ಶತ್ರುವಿಗಾಗುವ ಹಾನಿಯು ಇವೆರಡರ ಗುಣಲಬ್ಧ.

ಬಿಲ್ಲಾಳಿಗೆ ಬಲವೇ ಭೂಷಣವೆಂದು ೬೦ ಅಂಕಗಳನ್ನೂ ಪೆಟ್ಟಿಗೆ ಸುರಿದರೆ ೧೧೦ × ೧೦ = ೧೧೦೦. ಇಬ್ಬರಿಗೂ ಸಮಪಾಲು ಎಂದು ಮೂವತ್ತು ಮೂವತ್ತು ಹಂಚಿದರೆ ೮೦ × ೪೦ = ೩೨೦೦. ಎಲ್ಲವನ್ನೂ ಬಾಣಗಳ ಸಂಖ್ಯೆಗೆ ಕೊಟ್ಟರೆ ೫೦ × ೭೦ = ೩೫೦೦. ಪೆಟ್ಟಿಗೆ ೧೦, ಸಂಖ್ಯೆಗೆ ೫೦ ಕೊಟ್ಟರೆ ೬೦ × ೬೦ = ೩೬೦೦. ಇದಕ್ಕಿಂತ ಹೆಚ್ಚು ಬರಲಾರದು. ಸುತ್ತಳತೆ ನಿಶ್ಚಿತವಾಗಿರುವ ಆಯತಗಳಲ್ಲಿ ಚೌಕದ ಕ್ಷೇತ್ರಫಲವೇ ಅತ್ಯಧಿಕವೆಂದು ಜ್ಯಾಮಿತಿಯಲ್ಲಿ ಓದುತ್ತೇವಷ್ಟೆ. ಇಲ್ಲಿಯೂ ಅದೇ ನಿಯಮ. ಸಮವಾಗಬೇಕಾದದ್ದು ಹಂಚಿದ ಅಂಕಗಳಲ್ಲ, ಹಂಚಿದ ಮೇಲಿನ ಮೊತ್ತಗಳು ಎಂಬುದನ್ನು ಗಮನಿಸಬೇಕು. ಗುಣಗಳು ಪರಸ್ಪರ ಗುಣಿಸುವಾಗ ಕುಂದಿದ್ದನ್ನು ತುಂಬುವುದೇ ಜಾಣತನ. ಅವು ಬರಿಯ ಕೂಡುವಂಥವಾಗಿದ್ದರೆ, ಹೆಚ್ಚು ಫಲ ಕೊಡುವ ಒಂದನ್ನೇ ಹಿಡಿಯುವುದು ಲೇಸು.

ಬೆಲೆಯೂ ಒಂದೇ ಸಮನಾಗಿರುವುದಿಲ್ಲ. ೨೦೦೨ರಲ್ಲಿ ಕೊರಿಯಾದಿಂದ ಬಂದ 'ರ‍್ಯಾಗ್ನರಾಕ್ ಆನ್‌ಲೈನ್' ಆಟದ ಮೂಲ ನಿಯಮದಲ್ಲಿ ಒಂದು ಗುಣವನ್ನು ೧ರಿಂದ ೨ಕ್ಕೆ ಏರಿಸಲು ೨ ಅಂಕ ಸಾಕು. ೯೮ರಿಂದ ೯೯ಕ್ಕೆ ಏರಿಸಲು ೧೧ ಅಂಕ ಬೇಕು. ಅದೇ ೧೧ ಅಂಕಗಳಲ್ಲಿ ಅಲಕ್ಷಿತವಾದ ಬೇರೊಂದು ಗುಣವನ್ನು ೧ರಿಂದ ೬ಕ್ಕೆ ಒಯ್ದು, ಒಂದು ಅಂಕವನ್ನು ಉಳಿಸಲೂಬಹುದು. ಶಿಖರದ ಕೊನೆಯ ಮೆಟ್ಟಿಲು ಎಲ್ಲಕ್ಕಿಂತ ತುಟ್ಟಿ.

ಇನ್ನು ಕೆಲವೆಡೆ ಮೇಲುನೋಟವು ನಮ್ಮನ್ನು ವಂಚಿಸುತ್ತದೆ. ೨೦೦೯ರಲ್ಲಿ ಬಂದ 'ಲೀಗ್ ಆಫ್ ಲೆಜೆಂಡ್ಸ್' ಆಟದಲ್ಲಿ ಕವಚದ ಅಂಕಕ್ಕೆ ನೂರನ್ನು ಕೂಡಿಸಿ, ಆ ಮೊತ್ತದಿಂದ ನೂರನ್ನು ಭಾಗಿಸಿದರೆ, ಬಿದ್ದ ಏಟಿನಲ್ಲಿ ಮೈಗೆ ತಾಗುವ ಪಾಲು ದೊರೆಯುತ್ತದೆ. ಕವಚ ೧೦೦ ಇದ್ದರೆ ಅರ್ಧ ಏಟು, ೨೦೦ ಇದ್ದರೆ ಮೂರನೆಯ ಒಂದು, ೩೦೦ ಇದ್ದರೆ ಕಾಲುಭಾಗ. ತಡೆದ ಪಾಲನ್ನು ನೋಡಿದರೆ ನೂರಕ್ಕೆ ೫೦, ೬೭, ೭೫. ಪ್ರಯೋಜನ ಕುಗ್ಗುತ್ತ ಬಂದಂತೆ ಕಾಣುತ್ತದೆ. ಆದರೆ ಕವಚವಿಲ್ಲದೆ ಹತ್ತು ಏಟಿಗೆ ಬೀಳುವವನು ಈಗ ಕ್ರಮವಾಗಿ ೨೦, ೩೦, ೪೦ ಏಟುಗಳನ್ನು ತಾಳಬಲ್ಲನು. ಪ್ರತಿ ನೂರು ಅಂಕಕ್ಕೂ ಸರಿಯಾಗಿ ಹತ್ತು ಏಟುಗಳ ಲಾಭ! ಕುಗ್ಗಿದ್ದು ಪ್ರಯೋಜನವಲ್ಲ, ನಾವು ಹಿಡಿದ ಅಳತೆಗೋಲು ಸರಿಯಿರಲಿಲ್ಲ. ಯಾವುದನ್ನು ಅಳೆಯಬೇಕೆಂಬುದನ್ನು ಮೊದಲು ನಿಶ್ಚಯಿಸದೆ ಅಳೆಯತೊಡಗಬಾರದೆಂಬ ಪಾಠ ಭೌತವಿಜ್ಞಾನದ ಪ್ರಯೋಗಶಾಲೆಗೂ ಸಲ್ಲುತ್ತದೆ.

ಪ್ರಯೋಗವೇ ಪ್ರಮಾಣ

ಆಟದ ಒಳಗಿನ ಸೂತ್ರಗಳನ್ನು ರಚಿಸಿದವರು ಅನೇಕ ವೇಳೆ ಬಹಿರಂಗಪಡಿಸುವುದಿಲ್ಲ. ಆಗ ಆಟಗಾರರು ಮರದ ಬೊಂಬೆಯೊಂದರ ಮುಂದೆ ನಿಂತು ಸಾವಿರಾರು ಸಲ ಹೊಡೆದು ಫಲವನ್ನು ಬರೆದಿಡುತ್ತಾರೆ. ಇದು ನಿಜವಾದ ವೈಜ್ಞಾನಿಕ ವಿಧಾನ. ಇದರಲ್ಲಿ ಎಡವುವುದೂ ಅಷ್ಟೇ ಸುಲಭ. ನೂರು ಏಟುಗಳಲ್ಲಿ ೨೦ ಭಾರಿ ಏಟುಗಳಾದವೆನ್ನಿ. ಸಂಭವದ ಗಣಿತದಂತೆ ಈ ಎಣಿಕೆಯು ಸುಮಾರು ೪ರಷ್ಟು ಆಚೀಚೆ ಓಲಾಡುವುದು ಸಹಜ. ಹೊಸ ಕತ್ತಿ ಹಿಡಿದಾಗ ೨೨ ಬಂದರೆ "ಕತ್ತಿಯ ಮಹಿಮೆ" ಎಂದು ಕುಣಿಯಲು ಆಧಾರವಿಲ್ಲ. ಹತ್ತು ಸಾವಿರ ಏಟುಗಳನ್ನು ಎಣಿಸಿದರೆ ಓಲಾಟ ೪೦ ಮಾತ್ರ. ೨೦೦೦ಕ್ಕೆ ಬದಲು ೨೨೦೦ ಬಂದರೆ ಆಗ ಕತ್ತಿಯ ಗುಣವನ್ನು ನಂಬಬಹುದು. ಗೆಳೆಯನೊಬ್ಬನ ಒಂದು ದಿನದ ಅನುಭವವನ್ನು ನಿಯಮವೆಂದು ಒಪ್ಪುವ ಮುನ್ನ, ಎಷ್ಟು ಸಲ ಎಣಿಸಿದೆ ಎಂದು ಕೇಳುವುದು ಒಳ್ಳೆಯದು.

ಹತ್ತಿಯ ಬಿಲ್ಡು

ಇದೆಲ್ಲ ಪರದೆಯ ಮೇಲಿನ ಮಾಯೆ ಎನ್ನುವವರು ನಮ್ಮ ಧಾರವಾಡದ ಎರೆಭೂಮಿಯ ಕಡೆ ನೋಡಬೇಕು. ಇಲ್ಲಿಯ ಜವಾರಿ ಹತ್ತಿ ಬರವನ್ನು ತಾಳುತ್ತದೆ. ಆದರೆ ಅದರ ಎಳೆ ಗಿಡ್ಡ. ಅಮೆರಿಕದಿಂದ ಬಂದ ಹಿರ್ಸುಟಮ್ ಜಾತಿಯ ಎಳೆ ಅದಕ್ಕಿಂತ ಉದ್ದ. ಬಾರ್ಬಡೆನ್ಸ್ ಜಾತಿಯ ಎಳೆ ಇನ್ನೂ ಉದ್ದ, ಇನ್ನೂ ನಯ. ಆದರೆ ಅದು ಇಲ್ಲಿಯ ನೆಲಕ್ಕೆ ಸುಲಭವಾಗಿ ಒಗ್ಗುವಂಥದಲ್ಲ. ಎಲ್ಲ ಗುಣಗಳೂ ಒಂದೇ ಗಿಡದಲ್ಲಿ ಇರಲಿ ಎಂಬುದು ರೈತನ ಆಸೆ. ಸೃಷ್ಟಿಯಾದರೋ ಲೆಕ್ಕವಿಟ್ಟು ಹಂಚುತ್ತದೆ.

ಧಾರವಾಡದ ಕೃಷಿ ಸಂಶೋಧನ ಕೇಂದ್ರದಲ್ಲಿ ಡಾ. ಬಿ. ಎಚ್. ಕಾತರಕಿಯವರು ಹಿರ್ಸುಟಮ್ ಜಾತಿಯ 'ಲಕ್ಷ್ಮಿ' ತಳಿಯನ್ನು ಬಾರ್ಬಡೆನ್ಸ್ ಜಾತಿಯ ಒಂದು ತಳಿಯೊಡನೆ ಕೂಡಿಸಿ, ೧೯೭೨ರಲ್ಲಿ 'ವರಲಕ್ಷ್ಮಿ' ಎಂಬ ಸಂಕರ ಹತ್ತಿಯನ್ನು ಹೊರತಂದರು. ಎರಡು ಬೇರೆ ಜಾತಿಗಳ ಸಂಕರವೊಂದು ರೈತರ ಹೊಲಕ್ಕೆ ಇಳಿದದ್ದು ಒಂದು ದೊಡ್ಡ ಸಾಧನೆಯೇ ಸರಿ. ಇಳುವರಿಯೂ ಬಂದಿತು, ಉದ್ದನೆಯ ಎಳೆಯೂ ಬಂದಿತು. ಆದರೆ ಅದಕ್ಕೂ ಬೆಲೆ ತೆರಬೇಕಾಯಿತು. ಸಂಕರದ ಬೀಜವನ್ನೇ ಮರುವರ್ಷ ಬಿತ್ತಿದರೆ ಗುಣಗಳು ಚದರಿಹೋಗುತ್ತವೆ. ಆದ್ದರಿಂದ ಪ್ರತಿವರ್ಷವೂ ಹೊಸದಾಗಿ ಬೀಜ ಮಾಡಬೇಕು. ಸಂಜೆ ಮೊಗ್ಗಿನ ಕೇಸರಗಳನ್ನು ಕೈಯಿಂದ ತೆಗೆದು, ಮರುದಿನ ಬೆಳಿಗ್ಗೆ ಇನ್ನೊಂದು ಹೂವಿನ ಪರಾಗವನ್ನು ಅದಕ್ಕೆ ಸೋಂಕಿಸಬೇಕು. ಹೀಗೆ ಒಂದೊಂದು ಹೂವಿಗೂ ಮಾಡಬೇಕು. ಉದ್ದನೆಯ ಎಳೆಗೆ ಸುರಿದ ಅಂಕವು ಬೀಜದ ಬೆಲೆಯಲ್ಲಿ ಕಳೆದುಬಂದಿತು. ಆಟದಲ್ಲಿ ಅಂಕಗಳ ಪಟ್ಟಿ ಕಣ್ಣೆದುರಿಗಿರುತ್ತದೆ. ಸೃಷ್ಟಿಯ ಪಟ್ಟಿಯನ್ನು ಮಾತ್ರ ಹೊಲದಲ್ಲಿ ದುಡಿದೇ ಓದಿಕೊಳ್ಳಬೇಕು. ಇದೇ ಮುಖ್ಯ ವ್ಯತ್ಯಾಸ.

ಶ್ರೇಷ್ಠ ಬಿಲ್ಡ್ ಯಾವುದು?

ಈ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಮೇಲೆ ಹೇಳಿದ ಬಾರ್ಟಲ್ ೧೯೯೬ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಆಟಗಾರರನ್ನು ನಾಲ್ಕು ಬಗೆಯಾಗಿ ವಿಂಗಡಿಸಿದನು: ಸಾಧಿಸುವವರು, ಶೋಧಿಸುವವರು, ಕೂಡಿ ನಲಿಯುವವರು, ಇತರರನ್ನು ಕೆಡಹುವವರು. ಸಾಧಿಸುವವನಿಗೆ ಬಿಲ್ಡೆಂದರೆ ಹೆಚ್ಚು ಫಲದ ಯಂತ್ರ. ಶೋಧಿಸುವವನಿಗೆ ಅದೊಂದು ಪ್ರಯೋಗ. ಕೂಡಿ ನಲಿಯುವವನಿಗೆ ತನ್ನ ಸಂಗಡಿಗರ ನಡುವಿನ ಒಂದು ಸ್ಥಾನ. ಗುರಿ ಬೇರೆಯಾದರೆ ಲೆಕ್ಕದ ಉತ್ತರವೂ ಬೇರೆಯಾಗುತ್ತದೆ. ಇನ್ನೊಬ್ಬನ ಬಿಲ್ಡನ್ನು ಕಣ್ಣುಮುಚ್ಚಿ ನಕಲುಮಾಡುವವನು ಅವನ ಉತ್ತರವನ್ನಷ್ಟೇ ತರುತ್ತಾನೆ, ಪ್ರಶ್ನೆಯನ್ನು ತರುವುದಿಲ್ಲ. ನಾಳೆ ಆಟದವರು ನಿಯಮವನ್ನು ತುಸು ತಿದ್ದಿದರೆ ಅವನ ಕಟ್ಟಣೆ ಕುಸಿಯುತ್ತದೆ. ಏಕೆ ಕುಸಿಯಿತೆಂಬುದೂ ಅವನಿಗೆ ಹೊಳೆಯದು.

ತಿದ್ದಿಕೊಳ್ಳುವ ಅವಕಾಶವೂ ಎಲ್ಲೆಡೆ ಒಂದೇ ತೆರನಲ್ಲ. ೨೦೦೦ದಲ್ಲಿ ಬಂದ 'ಡಯಾಬ್ಲೊ' ಆಟದ ಎರಡನೆಯ ಭಾಗದಲ್ಲಿ ಒಮ್ಮೆ ಹಾಕಿದ ಅಂಕವನ್ನು ಹಿಂದಕ್ಕೆ ಪಡೆಯುವಂತಿರಲಿಲ್ಲ. ೨೦೧೦ರಲ್ಲಿ ನಿಯಮವನ್ನು ಸಡಿಲಿಸಿದರು. ವಾರ್‌ಕ್ರಾಫ್ಟಿನಲ್ಲಿ ಮೊದಲಿನಿಂದಲೂ ಆಟದ ಚಿನ್ನವನ್ನು ತೆತ್ತು ಮರುಹಂಚಿಕೆ ಮಾಡಿಕೊಳ್ಳಬಹುದಾಗಿದ್ದಿತು. ಪದೇ ಪದೇ ಮಾಡಿದರೆ ತೆರಿಗೆ ಏರುತ್ತಿತ್ತು. ಹಿಂದಿರುಗುವ ದಾರಿ ಸುಲಭವಾಗಿದ್ದಲ್ಲಿ ಧೈರ್ಯವಾಗಿ ಪ್ರಯೋಗ ಮಾಡಬಹುದು. ದುಬಾರಿಯಾಗಿದ್ದಲ್ಲಿ ಮೊದಲೇ ವಿಚಾರ ಮಾಡಬೇಕು.

ಆಡುವವನ ಕೈಯಲ್ಲಿರುವ ಇನ್ನೊಂದು ಗಂಟನ್ನು ಇಲ್ಲಿ ಮರೆಯಲಾಗದು. ಪಾತ್ರಕ್ಕೆ ಅಂಕಗಳು ದೊರೆಯುವುದು ಆಟಗಾರನ ತಾಸುಗಳಿಂದ. ದಿನಕ್ಕೆ ೨೪ ತಾಸುಗಳೆಂಬ ಗಂಟಿಗೆ ಮರುಹಂಚಿಕೆ ಎಂಬುದೇ ಇಲ್ಲ. ಆಟದ ಮೇಲಿನ ಹಿಡಿತ ತಪ್ಪಿ ಓದು, ನಿದ್ರೆ, ಸಂಸಾರಗಳಿಗೆ ಧಕ್ಕೆ ತರುವ ಸ್ಥಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆಯು ರೋಗಗಳ ತನ್ನ ಹನ್ನೊಂದನೆಯ ವರ್ಗೀಕರಣದಲ್ಲಿ ಸೇರಿಸಿದೆ. ಅದು ೨೦೨೨ರಲ್ಲಿ ಜಾರಿಗೆ ಬಂದಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಇಂತಹವರಿಗಾಗಿ ೨೦೧೪ರಲ್ಲಿಯೇ ಪ್ರತ್ಯೇಕ ಚಿಕಿತ್ಸಾಲಯವನ್ನು ತೆರೆಯಿತು. ಆಡುವವರೆಲ್ಲರೂ ರೋಗಿಗಳೆಂದು ಇದರ ಅರ್ಥವಲ್ಲ. ಆದರೆ ಪಾತ್ರದ ಒಂದೊಂದು ಅಂಕಕ್ಕೂ ತಲೆ ಕೆಡಿಸಿಕೊಳ್ಳುವ ಜಾಣನು ತನ್ನ ತಾಸುಗಳನ್ನು ಲೆಕ್ಕವಿಲ್ಲದೆ ಸುರಿದರೆ ಅವನ ಗಣಿತ ಅರ್ಧಕ್ಕೆ ನಿಂತಂತಾಯಿತು.

ಹತ್ತನೆಯ ತರಗತಿ ಮುಗಿದೊಡನೆ ಯಾವ ವಿಷಯ ಹಿಡಿಯಬೇಕೆಂದು ನಮ್ಮ ವಿದ್ಯಾರ್ಥಿಗಳು ತೊಳಲಾಡುತ್ತಾರೆ. ನೆರೆಮನೆಯ ಹುಡುಗನು ಹಿಡಿದದ್ದೇ ಶ್ರೇಷ್ಠವೆಂದು ಹಿರಿಯರು ಹೇಳುತ್ತಾರೆ. ಆಗ ಬಿಲ್ಲಾಳಿನ ಲೆಕ್ಕವನ್ನು ನೆನೆಯಬೇಕು. ನನ್ನ ಗುರಿ ಯಾವುದು, ನನ್ನಲ್ಲಿ ಈಗಾಗಲೇ ಇರುವುದೆಷ್ಟು, ಯಾವ ಗುಣ ಯಾವುದನ್ನು ಗುಣಿಸುತ್ತದೆ, ತಪ್ಪಿದರೆ ಹಿಂದಿರುಗುವ ಬೆಲೆ ಎಷ್ಟು? ಈ ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆದುಕೊಂಡ ಮೇಲೆ ಅಂಕ ಹಾಕುವುದು ಉಚಿತ.