ಮೆಕ್ಸಿಕೋದ ಪಾರಿವಾಳ, ದೇವನಹಳ್ಳಿಯ ಚಕ್ಕೋತ

ಬೆಂಗಳೂರಿಗೆ ಉತ್ತರದಲ್ಲಿರುವ ಬಯಲು ಸೀಮೆಯ ಹಳ್ಳಿಗರಿಗೆ ಎರಡು ಸಸ್ಯಗಳ ಪರಿಚಯವನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಹೊಲದ ಬದುವಿನ ಮೇಲೆ ಕತ್ತಿಯಂತಹ ಎಲೆಗಳನ್ನು ಚಾಚಿ ನಿಲ್ಲುವ ಕತ್ತಾಳೆ ಒಂದು. ತೋಟದಲ್ಲಿ ಎಳೆಯ ಮಗುವಿನ ತಲೆಯಷ್ಟು ದಪ್ಪದ ಹಣ್ಣುಗಳನ್ನು ಹೊತ್ತು ಬಾಗುವ ಚಕ್ಕೋತ ಇನ್ನೊಂದು. ಒಂದು ಬೇಲಿಗೆ, ಮತ್ತೊಂದು ನಾಲಗೆಗೆ. ಇವೆರಡೂ ಒಂದೇ ಬಟ್ಟಲಿನಲ್ಲಿ ಕೂಡಬಹುದೆಂದು ಯಾರು ತಾನೆ ಎಣಿಸಿಯಾರು?

ಆದರೆ ದೂರದ ಮೆಕ್ಸಿಕೋ ದೇಶದಲ್ಲಿ ಇವುಗಳ ನಂಟರು ದಿನವೂ ಕೂಡುತ್ತಾರೆ. ಅಲ್ಲಿನ ಜನ ಬಲು ಮೆಚ್ಚಿ ಕುಡಿಯುವ ಆ ಪೇಯದ ಹೆಸರು ಪಲೋಮಾ. ಸ್ಪ್ಯಾನಿಷ್ ಭಾಷೆಯಲ್ಲಿ ಹಾಗೆಂದರೆ ಪಾರಿವಾಳ. ಟಕೀಲಾ ಎಂಬ ಮದ್ಯ, ಗ್ರೇಪ್‌ಫ್ರೂಟ್ ಎಂಬ ಹಣ್ಣಿನ ರುಚಿಯ ಸೋಡಾ, ನಿಂಬೆರಸ, ಚಿಟಿಕೆ ಉಪ್ಪು—ಇಷ್ಟೇ ಅದರ ಸಾಮಗ್ರಿ.

ಬೇಲಿಯ ಗಿಡದ ಹೊಟ್ಟೆಯಲ್ಲಿ

ಕತ್ತಾಳೆಯ ತವರು ಅಮೆರಿಕ ಖಂಡ. ನಮ್ಮ ನಾಡಿಗೆ ಬಂದ ಮೇಲೆ ಅದಕ್ಕೆ ದನಗಳನ್ನು ತಡೆಯುವ ಕೆಲಸವೂ ಹಗ್ಗಕ್ಕೆ ನಾರು ಕೊಡುವ ಕೆಲಸವೂ ದೊರೆತವು. ಮೆಕ್ಸಿಕೋದವರಾದರೋ ಅದೇ ಕುಲದ ನೀಲಿ ಛಾಯೆಯ ಜಾತಿಯೊಂದರ ಹೊಟ್ಟೆಯಲ್ಲಿ ಸಿಹಿಯನ್ನು ಕಂಡರು. ಆ ಗಿಡ ಬಲಿಯಲು ಸುಮಾರು ಆರರಿಂದ ಎಂಟು ವರ್ಷ ಬೇಕು. ನುರಿತ ಕೆಲಸಗಾರರು ಎಲೆಗಳನ್ನೆಲ್ಲ ಸವರಿ ಹಾಕಿದಾಗ ದೊಡ್ಡ ಅನಾನಸಿನಂತಹ ಗಡ್ಡೆ ಉಳಿಯುತ್ತದೆ. ಅದನ್ನು ಬೇಯಿಸಿ, ಅರೆದು, ರಸವನ್ನು ಹುದುಗು ಬರಿಸಿ, ಎರಡು ಬಾರಿ ಭಟ್ಟಿ ಇಳಿಸಿದರೆ ಟಕೀಲಾ ಸಿದ್ಧ.

ಖಲಿಸ್ಕೋ ಪ್ರಾಂತ ಹಾಗೂ ಇತರ ನಾಲ್ಕು ಪ್ರಾಂತಗಳ ಗೊತ್ತಾದ ಭಾಗಗಳಲ್ಲಿ ತಯಾರಾದುದಕ್ಕೆ ಮಾತ್ರ ಈ ಹೆಸರು ಸಲ್ಲುತ್ತದೆ. 1974ರಿಂದ ಕಾನೂನಿನ ರಕ್ಷಣೆ ಇದಕ್ಕಿದೆ. ನಮ್ಮ ದಖ್ಖನಿನ ಕತ್ತಾಳೆಯಿಂದಲೂ ಈಚಿನ ವರ್ಷಗಳಲ್ಲಿ ಮದ್ಯ ತೆಗೆದು ಮಾರುತ್ತಿದ್ದಾರೆ; ಆದರೆ ಅದು ಟಕೀಲಾ ಎನಿಸಿಕೊಳ್ಳಲಾರದು. ಬದುವಿನ ಗಿಡವನ್ನು ಕಡಿದು ಮನೆಯಲ್ಲೇ ಪ್ರಯೋಗಕ್ಕೆ ತೊಡಗುವ ಉತ್ಸಾಹ ಮಾತ್ರ ಬೇಡ. ಅದರ ಹಸಿ ರಸ ಮೈಗೆ ತಗುಲಿದರೆ ಉರಿ, ತುರಿಕೆ. ಮನೆಯಲ್ಲಿ ಭಟ್ಟಿ ಇಳಿಸುವುದಂತೂ ಅಪರಾಧ.

ತಾಯಿಯ ಬಳಗದ ಹಣ್ಣು

ಗ್ರೇಪ್‌ಫ್ರೂಟಿನ ಕಥೆ ಇನ್ನೂ ಸ್ವಾರಸ್ಯವಾದುದು. ಆಗ್ನೇಯ ಏಷ್ಯದ ಚಕ್ಕೋತವನ್ನು ಹಡಗುಗಳು ವೆಸ್ಟ್ ಇಂಡೀಸಿಗೆ ಒಯ್ದವು. ಅಲ್ಲಿನ ಬಾರ್ಬಡೋಸ್ ದ್ವೀಪದಲ್ಲಿ, 18ನೆಯ ಶತಮಾನದ ಹೊತ್ತಿಗೆ, ಚಕ್ಕೋತಕ್ಕೂ ಕಿತ್ತಳೆಗೂ ಹುಟ್ಟಿದ ಮಿಶ್ರತಳಿಯೇ ಗ್ರೇಪ್‌ಫ್ರೂಟ್. ಹಾಗೆ ನೋಡಿದರೆ ನಮ್ಮ ದೇವನಹಳ್ಳಿಯ ಹಣ್ಣು ಅದರ ತಾಯಿಯ ಬಳಗಕ್ಕೆ ಸೇರಿದುದು. ಮಗಳಲ್ಲಿ ಕಹಿ ಹೆಚ್ಚು. ದೇವನಹಳ್ಳಿಯ ಚಕ್ಕೋತ ತನ್ನ ಕೆಂಬಣ್ಣದ ತಿರುಳಿಗೂ ಸವಿಗೂ ಹೆಸರಾದುದು. ಪಾರಿವಾಳವನ್ನು ಮನೆಯಲ್ಲಿ ಇಳಿಸಿಕೊಳ್ಳಬಯಸುವವರಿಗೆ ಇದಕ್ಕಿಂತ ಒಳ್ಳೆಯ ಹಣ್ಣು ಬೇಕಿಲ್ಲ.

ತಯಾರಿಸುವ ಬಗೆ

ಕೌಶಲವೆಲ್ಲ ಹಣ್ಣು ಬಿಡಿಸುವುದರಲ್ಲಿದೆ. ದಪ್ಪ ಸಿಪ್ಪೆಯನ್ನೂ ಅದರ ಕೆಳಗಿನ ಬಿಳಿಯ ಬೆಂಡನ್ನೂ ತೆಗೆದ ಮೇಲೆ ಪ್ರತಿಯೊಂದು ತೊಳೆಯ ಪೊರೆಯನ್ನೂ ತಾಳ್ಮೆಯಿಂದ ಸುಲಿಯಬೇಕು. ಕಹಿಯ ಹೆಚ್ಚಿನ ಪಾಲು ಇರುವುದು ಆ ಬೆಂಡು ಮತ್ತು ಪೊರೆಗಳಲ್ಲಿ. ಆದ್ದರಿಂದ ಮಿಕ್ಸಿಗೆ ಹಾಕದೆ, ತಿರುಳನ್ನು ತೆಳುಬಟ್ಟೆಯಲ್ಲಿಟ್ಟು ಕೈಯಿಂದ ಹಿಂಡುವುದೇ ಲೇಸು.

ಎತ್ತರದ ಲೋಟದ ಅಂಚಿಗೆ ನಿಂಬೆಹೋಳು ಸವರಿ, ಪುಡಿಯುಪ್ಪಿನ ತಟ್ಟೆಯಲ್ಲಿ ಬೋರಲು ಹಾಕಿ ಎತ್ತಬೇಕು. ಒಳಗೆ 60 ಮಿಲಿಲೀಟರು ಚಕ್ಕೋತದ ರಸ, 15 ಮಿಲಿಲೀಟರು ನಿಂಬೆರಸ, ಒಂದು ಟೀ ಚಮಚ ಸಕ್ಕರೆ, ಚಿಟಿಕೆ ಉಪ್ಪು ಹಾಕಿ ಸಕ್ಕರೆ ಕರಗುವವರೆಗೆ ಕಲಕಬೇಕು. ಬಳಿಕ 45 ಮಿಲಿಲೀಟರು ಟಕೀಲಾ, ಲೋಟದ ತುಂಬ ಮಂಜುಗಡ್ಡೆ. ಕೊನೆಯಲ್ಲಿ 90 ಮಿಲಿಲೀಟರು ತಣ್ಣನೆಯ ಸೋಡಾ ಸುರಿದು ಒಮ್ಮೆ ಮೆಲ್ಲಗೆ ತಿರುವಿದರೆ ಸಾಕು. ಹೆಚ್ಚು ಕಲಕಿದರೆ ಸೋಡಾದ ಜೀವವೇ ಹೋಗುತ್ತದೆ. ನಮ್ಮ ಚಕ್ಕೋತದಲ್ಲಿ ಹುಳಿ ಕಡಿಮೆಯಾದುದರಿಂದ ನಿಂಬೆಯ ವಿಷಯದಲ್ಲಿ ಜಿಪುಣತನ ಸಲ್ಲದು.

ಮದ್ಯವನ್ನು ಒಲ್ಲದವರೂ ಮಕ್ಕಳೂ ಟಕೀಲಾ ಬಿಟ್ಟು, ಅಷ್ಟೇ ಸೋಡಾ ಹೆಚ್ಚಿಸಿಕೊಂಡರೆ ಬೇಸಗೆಗೆ ಒಪ್ಪುವ ಪಾನಕವಾಗುತ್ತದೆ. ಆಗಲೂ ಒಂದು ಎಚ್ಚರ ಅಗತ್ಯ. ಚಕ್ಕೋತದ ರಸ ಕೆಲವು ಔಷಧಗಳ ಪ್ರಭಾವವನ್ನು ದೇಹದಲ್ಲಿ ಏರಿಸಬಲ್ಲದು. ಕೊಲೆಸ್ಟರಾಲಿಗೋ ರಕ್ತದೊತ್ತಡಕ್ಕೋ ಗುಳಿಗೆ ನುಂಗುವ ಹಿರಿಯರು ಮೊದಲು ವೈದ್ಯರನ್ನು ಕೇಳಿಕೊಳ್ಳುವುದು ಕ್ಷೇಮ.

ಹೆಸರೂ ನೆಲವೂ

ಇಷ್ಟಾಗಿ, ದೇವನಹಳ್ಳಿಯ ಚಕ್ಕೋತವೆಂದು ನಂಬಿ ತರುವ ಹಣ್ಣು ದೇವನಹಳ್ಳಿಯದೇ? ಇದು ಕೇಳಲೇಬೇಕಾದ ಪ್ರಶ್ನೆ. 2008ರ ಮೇ ತಿಂಗಳಲ್ಲಿ ಅಲ್ಲಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ತೆರೆಯಿತು. ಅದರ ಸುತ್ತ ನೆಲದ ಬೆಲೆ ಏರಿತು. ಹಲವು ತೋಟಗಳು ನಿವೇಶನಗಳಾದವು, ಮರಗಳು ಉರುಳಿದವು. ಟಕೀಲಾದಂತೆಯೇ ದೇವನಹಳ್ಳಿ ಚಕ್ಕೋತಕ್ಕೂ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತಿದೆ. ಬೇರೆ ಊರಿನ ಹಣ್ಣು ಆ ಹೆಸರನ್ನು ಹೊರುವಂತಿಲ್ಲ.

ಕಾನೂನು ಹೆಸರನ್ನು ಕಾಯಬಲ್ಲದು, ಮರವನ್ನು ನೆಡಲಾರದು. ಖಲಿಸ್ಕೋದ ರೈತ ಆರೇಳು ವರ್ಷ ಕಾದು ಕತ್ತಾಳೆ ಬೆಳೆಯುವುದು ಕೊಳ್ಳುವವರು ಇದ್ದಾರೆಂಬ ಭರವಸೆಯಿಂದ. ಚಕ್ಕೋತದ ಸಸಿ ಫಲ ಬಿಡಲೂ ವರ್ಷಗಳೇ ಬೇಕು. ನಿವೇಶನವಾದರೆ ಒಂದು ದಿನದಲ್ಲಿ ಮಾರಿಹೋಗುತ್ತದೆ. ಆ ಭರವಸೆಯನ್ನು ದೇವನಹಳ್ಳಿಯ ರೈತನಿಗೆ ಕೊಡಬೇಕಾದವರು ಹಣ್ಣನ್ನು ಹೆಸರು ಹಿಡಿದು ಕೇಳುವ ಪಟ್ಟಣದ ಗೃಹಸ್ಥರೇ. ಬಟ್ಟಲಲ್ಲಿ ಮದ್ಯವಿರಲಿ, ಬರಿಯ ಪಾನಕವಿರಲಿ, ಹಿಂಡಿದ ಹಣ್ಣು ಆ ನೆಲದ್ದಾಗಿದ್ದರೆ ಅಲ್ಲಿ ಇನ್ನೊಂದು ಮರ ಉಳಿದೀತು.