ಊಟ ಕಂಡರೆ ಅಳುವ ನಾಯಿ

ತಟ್ಟೆಯ ಸದ್ದಾದರೆ ಸಾಕು, ಆ ನಾಯಿಯ ಕಣ್ಣಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು. ಅದಕ್ಕೆ ಯಾವ ದುಃಖವೂ ಇರಲಿಲ್ಲ, ಬಾಲವಂತೂ ಬಿರುಸಿನಿಂದ ಅಲ್ಲಾಡುತ್ತಲೇ ಇರುತ್ತಿತ್ತು. ಮಾಂಸದ ವಾಸನೆಗೆ ಬಾಯಲ್ಲಿ ಊರಬೇಕಾದ ಜೊಲ್ಲು ಅದರ ಕಣ್ಣಲ್ಲಿ ಊರುತ್ತಿತ್ತು, ಅಷ್ಟೇ. 20ನೇ ಶತಮಾನದ ನಡುಭಾಗದಿಂದ ಪಶುವೈದ್ಯರು ಇಂಥ ನಾಯಿಗಳನ್ನು ತಮ್ಮ ಕೈಯಾರೆ ಸೃಷ್ಟಿಸುತ್ತಿದ್ದರು. ಕಣ್ಣೀರು ಬತ್ತಿದ ನಾಯಿಯ ಕೆನ್ನೆ ಕೊಯ್ದು, ಜೊಲ್ಲನ್ನು ಬಾಯಿಗೆ ತರುವ ಸಣ್ಣ ನಾಳವನ್ನು ಬಿಡಿಸಿ, ಅದರ ತುದಿಯನ್ನು ಕೆಳರೆಪ್ಪೆಯ ಒಳಗೆ ಹೊಲಿಯುತ್ತಿದ್ದರು. ಒಣಗಿ ಕುರುಡಾಗಲಿದ್ದ ಕಣ್ಣಿಗೆ ಹೇಗೋ ಒಂದಿಷ್ಟು ತೇವ ಸಿಗುತ್ತಿತ್ತು. ಆದರೆ ಜೊಲ್ಲು ಕಣ್ಣೀರಿನ ಕೆಲಸ ಮಾಡೀತೇ? ಅದರಲ್ಲಿದ್ದ ಖನಿಜಗಳು ಕಣ್ಣಿನ ಮೇಲೆ ಸುಣ್ಣದ ಹಾಗೆ ಕಟ್ಟುತ್ತಿದ್ದವು. ಮುಖ ಸದಾ ತೊಯ್ದು ಚರ್ಮ ಕೆಂಪೇರುತ್ತಿತ್ತು. ಹೊಲಿಗೆ ಹಾಕಿದ ವೈದ್ಯರಿಗೂ ಇದೆಲ್ಲ ಗೊತ್ತಿತ್ತು. ಇದಕ್ಕಿಂತ ಒಳ್ಳೆಯ ದಾರಿ ಇರಲಿಲ್ಲ.

ಆ ನಾಳ ಸಿಕ್ಕಿದ್ದೇ ಒಂದು ಆಕಸ್ಮಿಕ. 1660ರ ಏಪ್ರಿಲ್‌ನಲ್ಲಿ, ಆಮ್‌ಸ್ಟರ್‌ಡ್ಯಾಮ್‌ನಲ್ಲಿ, ನೀಲ್ಸ್ ಸ್ಟೆನ್ಸನ್ ಎಂಬ 22 ವರ್ಷದ ಡೆನ್ಮಾರ್ಕಿನ ವಿದ್ಯಾರ್ಥಿ ಒಂದು ಕುರಿಯ ತಲೆಯನ್ನು ಕೊಂಡುತಂದು ಮೇಜಿನ ಮೇಲಿಟ್ಟುಕೊಂಡಿದ್ದ. ಅವನಿಗೆ ಬೇಕಿದ್ದದ್ದು ಮಿದುಳು. ಅದಕ್ಕೆ ಕೈಹಾಕುವ ಮುಂಚೆ ಕೆನ್ನೆಯ ನಾಳಗಳನ್ನೊಮ್ಮೆ ನೋಡಿಬಿಡೋಣವೆಂದು ಸಣ್ಣ ಲೋಹದ ಕಡ್ಡಿಯೊಂದನ್ನು ತೂರಿಸಿದ. ಕಡ್ಡಿ ಎಲ್ಲೂ ತಡೆಯದೆ ಸಲೀಸಾಗಿ ಜಾರಿತು. ಮರುಗಳಿಗೆ ‘ಟಿಣ್’ ಎಂದಿತು. ಹಲ್ಲಿಗೆ ತಾಗಿದ ಸದ್ದು! ಕಿವಿಯ ಬುಡದ ಗ್ರಂಥಿಯಿಂದ ಬಾಯಿಯವರೆಗೆ, ಆ ಕಾಲದ ಪುಸ್ತಕಗಳಲ್ಲಿ ಇಲ್ಲದ ಒಂದು ದಾರಿ ತೆರೆದುಕೊಂಡಿತ್ತು. ಅವನು ಓಡಿಹೋಗಿ ತನಗೆ ಆಶ್ರಯ ಕೊಟ್ಟಿದ್ದ ಗುರು ಗೆರಾರ್ಡ್ ಬ್ಲಾಸಿಯಸ್‌ನನ್ನು ಕರೆತಂದ. ಬ್ಲಾಸಿಯಸ್ ಮೊದಲು, ಕಡ್ಡಿ ಚುಚ್ಚಿ ನೀನೇ ತೂತು ಮಾಡಿದ್ದೀಯೆ ಎಂದ. ಆಮೇಲೆ, ಇದು ಪ್ರಕೃತಿಯ ಯಾವುದೋ ಚೇಷ್ಟೆ ಎಂದ. ಎಲ್ಲ ಖಚಿತವಾದ ಮೇಲೆ, ಇದನ್ನು ಕಂಡುಹಿಡಿದವನು ನಾನೇ ಎಂದ.

ಗುರುವಿನ ಮೇಲಿನ ಸಿಟ್ಟು ಶಿಷ್ಯನನ್ನು ಕೆಲಸಕ್ಕೆ ಹಚ್ಚಿತು. ಲೈಡನ್‌ಗೆ ಹೋದ ಸ್ಟೆನ್ಸನ್ ತಲೆಯಲ್ಲಿರುವ ಗ್ರಂಥಿಗಳ ಬೆನ್ನುಹತ್ತಿದ. ಕಣ್ಣೀರು ಮಿದುಳಿನಿಂದ ಜಿನುಗಿ ಬರುತ್ತದೆ ಎಂದು ಶತಮಾನಗಳಿಂದ ನಂಬಿದ್ದ ಕಾಲವದು. ದುಃಖ ಇರುವುದು ಅಲ್ಲಿ, ನೀರೂ ಅಲ್ಲಿಂದಲೇ ಬರಬೇಕಲ್ಲ! ಪ್ರಾಣಿಗಳ ತಲೆಗಳನ್ನು ಸೀಳಿ ನೋಡಿದ ಸ್ಟೆನ್ಸನ್‌ಗೆ ಹುಬ್ಬಿನ ಕೆಳಗಿನ ಗ್ರಂಥಿಯಿಂದ ಕಣ್ಣಿಗೆ ಇಳಿಯುವ ಕೂದಲೆಳೆಯಂಥ ನಾಳಗಳು ಸಿಕ್ಕವು. 1662ರಲ್ಲಿ ಅದನ್ನು ಅಚ್ಚು ಹಾಕಿಸಿದ. ಅಳು ಇರಲಿ ಬಿಡಲಿ, ರೆಪ್ಪೆ ಸರಾಗವಾಗಿ ಆಡಲು ಕಣ್ಣಿಗೆ ಸದಾ ತೇವ ಬೇಕು ಎಂಬುದು ಅವನ ತೀರ್ಮಾನವಾಗಿತ್ತು.

ಬಾವಿ ಎಲ್ಲಿದೆಯೆಂದು ಗೊತ್ತಾಯಿತು. ಅದು ಬತ್ತುವುದು ಏಕೆಂದು ತಿಳಿಯಲು ಇನ್ನೂ ಮುನ್ನೂರು ವರ್ಷ ಹಿಡಿಯಿತು. ನಡುವೆ, 1903ರಲ್ಲಿ, ಜರ್ಮನಿಯ ಕಣ್ಣಿನ ವೈದ್ಯ ಒಟ್ಟೊ ಶಿರ್ಮರ್ ಅತ್ಯಂತ ಸರಳವಾದ ಒಂದು ಅಳತೆಗೋಲು ಕೊಟ್ಟಿದ್ದರು. 5 ಮಿಲಿಮೀಟರ್ ಅಗಲದ ಸೋಸುಕಾಗದದ ಪಟ್ಟಿ. ತುದಿ ಮಡಿಸಿ ಕೆಳರೆಪ್ಪೆಗೆ ಸಿಕ್ಕಿಸಿ 5 ನಿಮಿಷ ಬಿಟ್ಟು, ಎಷ್ಟುದ್ದ ಒದ್ದೆಯಾಯಿತೆಂದು ನೋಡುವುದು. ಮುಂದಿನ ಕತೆಯಲ್ಲೆಲ್ಲ ಈ ಕಾಗದದ ಚೂರೇ ಸಾಕ್ಷಿ ಹೇಳಿತು.

1930ರ ಸುಮಾರಿಗೆ ಸ್ಟಾಕ್‌ಹೋಮ್‌ನಲ್ಲಿ ಆ ಪಟ್ಟಿಯನ್ನು ಹಿಡಿದು ಕೂತವರು ಹೆನ್ರಿಕ್ ಶೋಗ್ರೆನ್ ಎಂಬ ಯುವ ಕಣ್ಣಿನ ವೈದ್ಯರು. ಅವರ ಬಳಿ ಬಂದ ಹೆಂಗಸರಿಗೆ ಕಣ್ಣಲ್ಲಿ ಮರಳು ಬಿದ್ದಂಥ ಚುಚ್ಚು, ಉರಿ, ಬೆಳಿಗ್ಗೆ ಎದ್ದರೆ ರೆಪ್ಪೆ ಅಂಟಿಸುವ ಗೀಜು. ಇದರಲ್ಲಿ ಹೊಸತೇನೂ ಇರಲಿಲ್ಲ. ಶೋಗ್ರೆನ್ ಕಣ್ಣಿನ ವೈದ್ಯರು ಕೇಳಬೇಕಾಗಿಲ್ಲದ ಪ್ರಶ್ನೆಗಳನ್ನೂ ಕೇಳಿದರು. ಬಾಯಿ ಒಣಗುತ್ತದೆಯೇ? ನೀರಿಲ್ಲದೆ ಬ್ರೆಡ್ಡು ನುಂಗಲಾಗುತ್ತದೆಯೇ? ಬೆರಳ ಕೀಲುಗಳು ಊದಿವೆಯಲ್ಲ, ಎಂದಿನಿಂದ? ಕಣ್ಣಿಗೊಬ್ಬ, ಬಾಯಿಗೊಬ್ಬ, ಕೀಲಿಗೊಬ್ಬ ಎಂದು ಮೂರು ಬಾಗಿಲು ಅಲೆದಿದ್ದ ರೋಗಿಗಳಿಗೆ ತಮ್ಮ ಮೂರು ದೂರುಗಳೂ ಒಂದೇ ಇರಬಹುದೆಂದು ಹೊಳೆದಿರಲಿಲ್ಲ. ಆ ಮೂವರು ವೈದ್ಯರಿಗೂ ಹೊಳೆದಿರಲಿಲ್ಲ.

ಶೋಗ್ರೆನ್ ರೋಸ್ ಬೆಂಗಾಲ್ ಎಂಬ ಬಣ್ಣವನ್ನು ಕಣ್ಣಿಗೆ ಹನಿಸಿ ನೋಡಿದರು. ಬಂಗಾಳದ ಮುತ್ತೈದೆಯರ ಕುಂಕುಮದ ನೆನಪಿನಲ್ಲಿ ಇಟ್ಟ ಹೆಸರೆನ್ನುತ್ತಾರೆ. ಒಣಗಿ ಗಾಯವಾದ ಕಡೆಯೆಲ್ಲ ಅದು ಕಡುಗೆಂಪಾಗಿ ಅಂಟಿಕೊಂಡು ಗುಟ್ಟು ಬಿಟ್ಟುಕೊಟ್ಟಿತು. ಗ್ರಂಥಿಯ ತುಣುಕುಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟಾಗ ಇನ್ನೊಂದು ವಿಚಿತ್ರ ಕಂಡಿತು. ಕಣ್ಣೀರು ಮಾಡುವ ಜೀವಕೋಶಗಳ ನಡುವೆ, ದೇಹವನ್ನು ಕಾಯಬೇಕಾದ ಬಿಳಿರಕ್ತಕಣಗಳು ದಂಡು ಬಿಟ್ಟಿದ್ದವು. ಅಲ್ಲಿ ಅವಕ್ಕೇನು ಕೆಲಸ? ಆಗ ಯಾರ ಬಳಿಯೂ ಉತ್ತರ ಇರಲಿಲ್ಲ. ಇದು ಕಣ್ಣಿನ ರೋಗವಲ್ಲ, ಕಣ್ಣಲ್ಲಿ ಕಾಣಿಸಿಕೊಂಡ ಇಡೀ ಮೈಯ ರೋಗ ಎಂದಷ್ಟೇ ಶೋಗ್ರೆನ್ 1933ರಲ್ಲಿ ತಮ್ಮ ಪ್ರಬಂಧದಲ್ಲಿ ವಾದಿಸಿದರು. ಅದರಲ್ಲಿದ್ದದ್ದು 19 ಹೆಂಗಸರ ಕತೆ. 13 ಮಂದಿಗೆ ಸಂಧಿವಾತವೂ ಇತ್ತು.

ಪರೀಕ್ಷಕರು ಮೆಚ್ಚಲಿಲ್ಲ. ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವ ಡೋಸೆಂಟ್ ಹುದ್ದೆಗೆ ಬೇಕಾದಷ್ಟು ಅಂಕವನ್ನೂ ಕೊಡಲಿಲ್ಲ. ಶೋಗ್ರೆನ್ ಯೋನ್‌ಶೋಪಿಂಗ್ ಎಂಬ ಊರಿಗೆ ಹೋಗಿ, ಅಲ್ಲಿನ ಕಣ್ಣಿನ ವಿಭಾಗ ನೋಡಿಕೊಳ್ಳುತ್ತ, ಬಿಡುವಾದಾಗ ಅದೇ ರೋಗಿಗಳ ಬಗ್ಗೆ ಬರೆಯುತ್ತ ಉಳಿದರು. ಜರ್ಮನ್ ಭಾಷೆಯಲ್ಲಿದ್ದ ಪ್ರಬಂಧ ಹಾಗೇ ಧೂಳು ತಿನ್ನುತ್ತಿತ್ತೇನೋ. ಭೂಮಿಯ ಇನ್ನೊಂದು ತುದಿಯಲ್ಲಿ, ಟಾಸ್ಮೇನಿಯಾದ ಹೋಬಾರ್ಟ್‌ನಲ್ಲಿ, ಬ್ರೂಸ್ ಹ್ಯಾಮಿಲ್ಟನ್ ಎಂಬ ಕಣ್ಣಿನ ವೈದ್ಯರು ಮಹಾಯುದ್ಧದ ನಡುವೆಯೇ ಅದನ್ನು ಇಂಗ್ಲಿಷಿಗೆ ತಂದರು. 1943ರ ಆ ಅನುವಾದದ ನಂತರ ರೋಗಕ್ಕೆ ಶೋಗ್ರೆನ್ ಹೆಸರೇ ನಿಂತಿತು. ಸ್ವೀಡನ್ ಸರ್ಕಾರ ಪ್ರೊಫೆಸರ್ ಬಿರುದು ಕೊಟ್ಟದ್ದು 1961ರಲ್ಲಿ. ಆಗ ಅವರಿಗೆ ಅರವತ್ತು ದಾಟಿತ್ತು.

ಹೆಸರು ಬಂತು, ಮದ್ದು ಬರಲಿಲ್ಲ. ಅದು ಆಗಿನ್ನೂ ನಾರ್ವೆಯ ಮಣ್ಣಿನಲ್ಲಿ ಮಲಗಿತ್ತು.

ಸ್ವಿಟ್ಸರ್ಲೆಂಡಿನ ಬಾಸೆಲ್‌ನಲ್ಲಿದ್ದ ಸ್ಯಾಂಡೋಜ್ ಔಷಧ ಕಂಪನಿಯಲ್ಲಿ ಒಂದು ಪದ್ಧತಿಯಿತ್ತು. ರಜೆಗೆ ಹೊರಡುವ ನೌಕರರು ಪ್ಲಾಸ್ಟಿಕ್ ಚೀಲಗಳನ್ನು ಒಯ್ದು, ಹೋದ ಊರಿನ ಮಣ್ಣು ತರುತ್ತಿದ್ದರು. ಮಣ್ಣಲ್ಲಿ ಬೂಸ್ಟು, ಬೂಸ್ಟಿನಲ್ಲಿ ಹೊಸ ಆ್ಯಂಟಿಬಯಾಟಿಕ್ ಸಿಕ್ಕೀತೆಂಬ ಆಸೆ. 1969ರಲ್ಲಿ ಹಾನ್ಸ್ ಪೀಟರ್ ಫ್ರೈ ಎಂಬ ನೌಕರರು ನಾರ್ವೆಯ ಹಾರ್ಡಂಗರ್‌ವಿಡ್ಡಾ ಎಂಬ ಬೋಳು ಪ್ರಸ್ಥಭೂಮಿಗೆ ಹೋದವರು ಒಂದು ಹಿಡಿ ಮಣ್ಣು ತಂದರು. ಅದರಲ್ಲಿದ್ದ ಶಿಲೀಂಧ್ರದ ರಸ ಆ್ಯಂಟಿಬಯಾಟಿಕ್ ಆಗಿ ಕೆಲಸಕ್ಕೆ ಬರಲಿಲ್ಲ. ಕಸದ ಬುಟ್ಟಿಗೆ ಹೋಗಬೇಕಾದ್ದು ಇನ್ನಷ್ಟು ಪರೀಕ್ಷೆಗಳ ಸಾಲಿನಲ್ಲಿ ಉಳಿಯಿತು. 1972ರ ಜನವರಿಯಲ್ಲಿ, ಹಾರ್ಟ್‌ಮನ್ ಸ್ಟೆಹೆಲಿನ್ ಮತ್ತು ಜ್ಯಾನ್ ಬೊರೆಲ್ ಅವರ ಪ್ರಯೋಗಾಲಯದಲ್ಲಿ, ಅದು ಇಲಿಗಳ ರೋಗನಿರೋಧಕ ಶಕ್ತಿಯನ್ನು ಮಲಗಿಸಿಬಿಟ್ಟಿತು. ಜೀವಕೋಶಗಳು ಮಾತ್ರ ಸಾಯಲಿಲ್ಲ. ಈ ಪವಾಡ ಕಂಡವರು ಮೊದಲು ಯಾರು ಎಂಬ ಜಗಳ ಇವರಿಬ್ಬರ ನಡುವೆಯೂ ಮುಂದೆ ನಡೆಯಿತು; ಬ್ಲಾಸಿಯಸ್‌ನ ಸಂತತಿ ಅಳಿದಿರಲಿಲ್ಲ.

ಸೈಕ್ಲೋಸ್ಪೋರಿನ್ ಎಂದು ಹೆಸರಾದ ಆ ವಸ್ತುವಿಗೆ ಒಂದು ಹಟವಿತ್ತು. ಅದು ನೀರಿನಲ್ಲಿ ಕರಗುತ್ತಿರಲಿಲ್ಲ. ಮಾತ್ರೆ ಮಾಡಿ ನುಂಗಿಸಿದರೆ ರಕ್ತಕ್ಕೆ ಸೇರುತ್ತಿರಲಿಲ್ಲ. ದುಡ್ಡು ಸುರಿಯುತ್ತಿದ್ದ ಕಂಪನಿಗೂ ಉತ್ಸಾಹ ಇಳಿಯುತ್ತಿತ್ತು. ಕೊನೆಗೆ ಬೊರೆಲ್ ಅದನ್ನು ಶುದ್ಧ ಆಲ್ಕೋಹಾಲಿನಲ್ಲಿ ಕಲಸಿ ತಾವೇ ಕುಡಿದುಬಿಟ್ಟರು. ಸ್ವಲ್ಪ ಅಮಲೇರಿತು, ನಿಜ. ಆದರೆ ರಕ್ತ ತೆಗೆದು ನೋಡಿದಾಗ ಮದ್ದು ಅಲ್ಲಿತ್ತು! ಕೇಂಬ್ರಿಜ್‌ನಲ್ಲಿ ಅಂಗಾಂಗ ಕಸಿಯ ಶಸ್ತ್ರವೈದ್ಯ ರಾಯ್ ಕಾಲ್ನ್ ಅವರ ಬಳಗದಲ್ಲಿದ್ದ ಗ್ರೀಸ್ ದೇಶದ ಆಲ್ಕಿಸ್ ಕೋಸ್ಟಾಕಿಸ್ ಇನ್ನೂ ಮನೆಮದ್ದಿನ ದಾರಿ ಹಿಡಿದರು. ಅವರು ಅದನ್ನು ತಮ್ಮ ದೇಶದ ಆಲಿವ್ ಎಣ್ಣೆಯಲ್ಲಿ ಕರಗಿಸಿ ಇಲಿಗಳಿಗೆ ಕೊಟ್ಟರು. ಬೇರೆ ಇಲಿಗಳಿಂದ ತಂದು ಕೂರಿಸಿದ, ದೇಹ ತಿರಸ್ಕರಿಸಬೇಕಿದ್ದ ಹೃದಯಗಳು ಬಡಿಯುತ್ತಲೇ ಹೋದವು. 1983ರ ಹೊತ್ತಿಗೆ ಮೂತ್ರಪಿಂಡ, ಯಕೃತ್ತು, ಹೃದಯ ಬದಲಿಸುವ ಹಲವು ಆಸ್ಪತ್ರೆಗಳಿಗೆ ಆ ಮದ್ದೇ ಆಧಾರವಾಗಿತ್ತು. ಕಣ್ಣೀರಿನ ಮಾತು ಆಗ ಅಲ್ಲಿ ಯಾರ ತಲೆಯಲ್ಲೂ ಇರಲಿಲ್ಲ.

ಆ ಮಾತೆತ್ತಿದವರು ಅಮೆರಿಕದ ಜಾರ್ಜಿಯಾ ವಿಶ್ವವಿದ್ಯಾಲಯದ ಪಶುವೈದ್ಯೆ ರೆನೇ ಕ್ಯಾಸ್ವನ್. ಅವರ ಮೇಜಿಗೆ ಬರುತ್ತಿದ್ದದ್ದು ಕಾಕರ್ ಸ್ಪ್ಯಾನಿಯಲ್, ಬುಲ್‌ಡಾಗ್, ಲಾಸಾ ಆಪ್ಸೊ ಇತ್ಯಾದಿ. ಕಣ್ಣಿನ ಹೊಳಪು ಹೋಗಿ, ಅಂಟು ಗೀಜು ಕಟ್ಟಿ, ಪಾರದರ್ಶಕ ಪೊರೆಯ ಮೇಲೆ ಕಪ್ಪು ಹರಡಿ ಕುರುಡಿನತ್ತ ಹೊರಟ ನಾಯಿಗಳು. ಅವುಗಳಿಗೆ ಹೆಚ್ಚಾಗಿ ಇದ್ದದ್ದು ಎರಡು ಗತಿ: ದಿನವಿಡೀ ಕೃತಕ ಕಣ್ಣೀರು ಹನಿಸುವುದು, ಇಲ್ಲವೇ ಕೆನ್ನೆಯ ನಾಳವನ್ನು ಕಣ್ಣಿಗೆ ಹೊಲಿಯುವುದು. ಕ್ಯಾಸ್ವನ್ ಅದಕ್ಕೆ ಒಗ್ಗಲಿಲ್ಲ. 62 ನಾಯಿಗಳ ರಕ್ತವನ್ನು ಜಾಲಾಡಿ, 1985ರಲ್ಲಿ ತಮ್ಮ ಸಹೋದ್ಯೋಗಿಗಳೊಂದಿಗೆ ವರದಿ ಮಾಡಿದರು. ಐವತ್ತು ವರ್ಷ ಹಿಂದೆ ಶೋಗ್ರೆನ್ ಕಂಡ ಹೆಂಗಸರ ಕತೆ ಈ ನಾಯಿಗಳ ಮೈಯಲ್ಲೂ ನಡೆದಿತ್ತು. ಕಾವಲುಗಾರರೇ ಮನೆ ದೋಚುತ್ತಿದ್ದರು. ಹಾಗಾದರೆ ಹೊಸ ಮೂತ್ರಪಿಂಡದ ಮೇಲೆ ಬೀಳುವ ರಕ್ತಕಣಗಳನ್ನು ಸುಮ್ಮನಾಗಿಸುವ ಮದ್ದು, ಕಣ್ಣೀರ ಗ್ರಂಥಿಯ ಮೇಲೆ ಬಿದ್ದ ರಕ್ತಕಣಗಳನ್ನೂ ಸುಮ್ಮನಾಗಿಸಬಾರದೇಕೆ?

ಪ್ರಶ್ನೆ ಸುಲಭ. ಕಷ್ಟವಿದ್ದದ್ದು ಹನಿಯಲ್ಲಿ. ನೀರು ಬತ್ತಿದ ಕಣ್ಣಿಗೆ, ನೀರಿಗೆ ಸೇರದ ಮದ್ದು! ಮತ್ತೆ ಎಣ್ಣೆಯೇ ಕೈಹಿಡಿಯಿತು. ಎಣ್ಣೆಯಲ್ಲಿ ಕರಗಿದ ಸೈಕ್ಲೋಸ್ಪೋರಿನ್ ನಾಯಿಗಳ ಕಣ್ಣಿಗೆ ಬಿತ್ತು. ಮೊದಲ ದಿನಗಳಲ್ಲಿ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ವಾರಗಳು ಕಳೆದಂತೆ ಶಿರ್ಮರರ ಕಾಗದ ಒದ್ದೆಯಾಗತೊಡಗಿತು, ಇನ್ನಷ್ಟು ಒದ್ದೆಯಾಯಿತು. ಗೀಜು ಕಡಿಮೆಯಾಯಿತು, ಕಣ್ಣಿಗೆ ಹೊಳಪು ಮರಳಿತು. ಹನಿ ನಿಲ್ಲಿಸಿದರೆ ಕಾಗದ ಮತ್ತೆ ಒಣಗುತ್ತಿತ್ತು. ಪುನಃ ಹಾಕಿದರೆ ನೆನೆಯುತ್ತಿತ್ತು. ಬತ್ತಿತೆಂದು ಎಲ್ಲರೂ ಕೈಬಿಟ್ಟ ಗ್ರಂಥಿಗಳಲ್ಲಿ ಇನ್ನೂ ಜೀವವಿತ್ತು, ಅವುಗಳ ಕತ್ತು ಹಿಸುಕಿದ್ದ ಕೈಯನ್ನು ಸಡಿಲಿಸುವವರು ಬೇಕಿತ್ತು, ಅಷ್ಟೇ. 1989ರಲ್ಲಿ ಕ್ಯಾಸ್ವನ್ ಈ ಫಲವನ್ನು ಮನುಷ್ಯರ ಕಣ್ಣಿನ ವೈದ್ಯರು ಓದುವ ಪತ್ರಿಕೆಯಲ್ಲೇ ಪ್ರಕಟಿಸಿದರು.

ನಾಯಿಗಳಿಗೆ 1995ರಲ್ಲಿ ಮುಲಾಮಿನ ಕೊಳವೆ ಸಿಕ್ಕಿತು. ಮನುಷ್ಯರು ಕ್ಯೂನಲ್ಲಿ ಹಿಂದೆ ಉಳಿದರು. ಹರಳೆಣ್ಣೆಯ ಹನಿಗಳಲ್ಲಿ ಮದ್ದನ್ನು ಕದಡಿ, ನೂರಾರು ರೋಗಿಗಳ ಮೇಲೆ ತಿಂಗಳುಗಟ್ಟಲೆ ಪರೀಕ್ಷೆ ನಡೆಯಿತು. ಬಂದ ಫಲ ನಾಯಿಗಳಷ್ಟು ನಾಟಕೀಯವಾಗಿರಲಿಲ್ಲ. ಮದ್ದು ಹಾಕಿಕೊಂಡವರಲ್ಲಿ ಶೇ. 15 ಮಂದಿಯ ಕಾಗದ 10 ಮಿಲಿಮೀಟರ್ ಹೆಚ್ಚು ನೆನೆಯಿತು. ಮದ್ದಿಲ್ಲದ ಹನಿ ಹಾಕಿಕೊಂಡವರಲ್ಲಿ ಶೇ. 5 ಮಂದಿಯದು. ಎಷ್ಟೋ ಜನರಿಗೆ ಹನಿ ಬಿದ್ದೊಡನೆ ಕಣ್ಣು ಉರಿಯಿತು. ಗುಣ ಕಾಣಲು ತಿಂಗಳುಗಳು ಬೇಕಾದವು. ಆದರೂ 2002ರ ಡಿಸೆಂಬರ್‌ನಲ್ಲಿ ಅಮೆರಿಕದ ಔಷಧ ಇಲಾಖೆ ರೆಸ್ಟಾಸಿಸ್ ಎಂಬ ಈ ಹನಿಗೆ ಒಪ್ಪಿಗೆ ಕೊಟ್ಟಿತು. ಅದರ ರಾಯಲ್ಟಿ ಹಣದ ಬಗ್ಗೆ ಕ್ಯಾಸ್ವನ್‌ಗೂ ವಿಶ್ವವಿದ್ಯಾಲಯದ ಪ್ರತಿಷ್ಠಾನಕ್ಕೂ ವರ್ಷಗಟ್ಟಲೆ ವ್ಯಾಜ್ಯ ನಡೆಯಿತು.

ಶೇ. 15 ಎಂಬ ಅಂಕಿಯೇ ಉಳಿದ ಗುಟ್ಟನ್ನು ಹೇಳುತ್ತಿತ್ತು. ಮಿಕ್ಕವರಲ್ಲಿ ಅನೇಕರ ಕಣ್ಣು ಒಣಗಲು ಬೇರೆ ಕಾರಣಗಳೂ ಇದ್ದವು. ಕಣ್ಣೀರು ಬರೀ ನೀರಾಗಿರಲಿಲ್ಲ. ಕಣ್ಣಿಗೆ ಅಂಟಿಕೊಳ್ಳಲು ತಳದಲ್ಲಿ ಲೋಳೆ, ನಡುವೆ ನೀರು, ಅದು ಆರದಂತೆ ಮೇಲೆ ಎಣ್ಣೆಯ ತೆಳು ಪೊರೆ. ಆ ಎಣ್ಣೆಯನ್ನು ರೆಪ್ಪೆಯಂಚಿನ ಸಣ್ಣ ಗ್ರಂಥಿಗಳು ಸುರಿಸುತ್ತಿದ್ದವು. 1666ರಲ್ಲೇ ಹೈನ್‌ರಿಕ್ ಮೈಬೋಮ್ ಎಂಬ ವೈದ್ಯ ಅವುಗಳ ಚಿತ್ರ ಬರೆದಿಟ್ಟಿದ್ದ. 1961ರಲ್ಲಿ ಮಿಶಿಮಾ ಮತ್ತು ಮಾರಿಸ್ ಎಂಬ ಸಂಶೋಧಕರು ಮೊಲಗಳ ಆ ಗ್ರಂಥಿಗಳನ್ನು ಮುಚ್ಚಿದಾಗ ಕಣ್ಣೀರು ಹತ್ತಾರು ಪಟ್ಟು ಬೇಗ ಆರಿಹೋಯಿತು. 1980ರಲ್ಲಿ ಬಾಸ್ಟನ್ನಿನ ಕಣ್ಣಿನ ತಜ್ಞ ಡೊನಾಲ್ಡ್ ಕೋರ್ಬ್, ಕಾಂಟ್ಯಾಕ್ಟ್ ಲೆನ್ಸ್ ಸಹಿಸಲಾಗದವರ ರೆಪ್ಪೆಯಂಚು ಒತ್ತಿ ನೋಡಿದರೆ ಗ್ರಂಥಿಗಳ ಬಾಯಿ ಗಟ್ಟಿಯಾದ ಎಣ್ಣೆಯಿಂದ ಮುಚ್ಚಿಹೋಗಿತ್ತು. ಇವರ ಬಾವಿಯಲ್ಲಿ ನೀರಿತ್ತು, ಮುಚ್ಚಳವೇ ಇರಲಿಲ್ಲ. ನೀರು ಆರಿದ ಕಣ್ಣೀರು ಉಪ್ಪಾಗುತ್ತಿತ್ತು, ಉಪ್ಪಿಗೆ ಕಣ್ಣು ಕೆರಳುತ್ತಿತ್ತು, ಕೆರಳಿದ ಕಣ್ಣಿಗೆ ಬಿಳಿರಕ್ತಕಣಗಳು ಧಾವಿಸುತ್ತಿದ್ದವು, ಅದರಿಂದ ಕಣ್ಣು ಇನ್ನಷ್ಟು ಒಣಗುತ್ತಿತ್ತು. ಉರಿಗೆ ಬೆದರಿದ ಗ್ರಂಥಿ ಒಮ್ಮೊಮ್ಮೆ ಬಳಬಳನೆ ನೀರು ಸುರಿಸಿ, ‘ನನ್ನ ಕಣ್ಣಲ್ಲಿ ಸದಾ ನೀರು, ಒಣಗಿದೆ ಅಂತೀರಲ್ಲ’ ಎಂದು ರೋಗಿ ವೈದ್ಯರನ್ನೇ ಸಂಶಯಿಸುವಂತೆ ಮಾಡುತ್ತಿತ್ತು. ಇಷ್ಟು ತಿಳಿದ ಮೇಲೆ ವೈದ್ಯರು ಎಲ್ಲರಿಗೂ ಒಂದೇ ಹನಿ ಬರೆಯುವುದನ್ನು ಬಿಟ್ಟರು. ಎಣ್ಣೆ ಕಟ್ಟಿಕೊಂಡವರಿಗೆ ಬೆಚ್ಚನೆಯ ಬಟ್ಟೆಯ ಶಾಖ, ಪರದೆಯ ಮುಂದೆ ಎವೆಯಿಕ್ಕುವುದನ್ನೇ ಮರೆತವರಿಗೆ ಎವೆಯಿಕ್ಕುವ ಪಾಠ, ಫ್ಯಾನಿನ ಗಾಳಿ ನೇರ ಮುಖಕ್ಕೆ ಬೀಳದಂತೆ ಎಚ್ಚರ, ನೀರೇ ಸಾಲದವರಿಗೆ ಕೃತಕ ಕಣ್ಣೀರು, ಬಾಯಿ ಒಣಗಿ ಕೀಲು ಊದಿದವರಿಗೆ ರಕ್ತಪರೀಕ್ಷೆ.

ಸೈಕ್ಲೋಸ್ಪೋರಿನ್ ಬಂದ ಮೇಲೆ ಕೆನ್ನೆ ಕೊಯ್ಯುವ ಶಸ್ತ್ರಚಿಕಿತ್ಸೆ ಬಹಳ ಕಡಿಮೆಯಾಯಿತು, ಪೂರ್ತಿ ನಿಲ್ಲಲಿಲ್ಲ. ಯಾವ ಹನಿಗೂ ಬಗ್ಗದ ಕೆಲವು ನಾಯಿಗಳಿಗೆ ಪಶುವೈದ್ಯರು ಸ್ಟೆನ್ಸನ್‌ನ ಆ ನಾಳವನ್ನೇ ಕಣ್ಣಿಗೆ ತಿರುಗಿಸುತ್ತ ಬಂದರು. ಅವು ತಟ್ಟೆಯ ಸದ್ದಿಗೆ ಓಡಿಬಂದು, ಬಾಲ ಅಲ್ಲಾಡಿಸುತ್ತ, ಅಳುತ್ತ ಉಂಡವು.