ಶಸ್ತ್ರಚಿಕಿತ್ಸೆಗೆ ವಿಮೆಯುಂಟು, ವಿಟಮಿನ್‌ಗೆ ಇಲ್ಲ

ಬೊಜ್ಜು ಸಿರಿವಂತರ ಕಾಯಿಲೆ ಎನ್ನುತ್ತಿದ್ದ ಕಾಲ ಕಳೆದುಹೋಗಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದ 15ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ಅತಿತೂಕ ಅಥವಾ ಬೊಜ್ಜು ಉಳ್ಳವರ ಪ್ರಮಾಣ 2015-16ರಲ್ಲಿ ಶೇ 23.3ರಷ್ಟಿತ್ತು. 2019-21ರ ಸಮೀಕ್ಷೆಯಲ್ಲಿ ಅದು ಶೇ 30.1ಕ್ಕೆ ಏರಿತು. ಇದೇ ಅವಧಿಯಲ್ಲಿ ರಕ್ತಹೀನತೆಯುಳ್ಳ ಮಹಿಳೆಯರ ಪ್ರಮಾಣ ಶೇ 44.8ರಿಂದ ಶೇ 47.8ಕ್ಕೆ ಹೆಚ್ಚಿತು. ಒಂದು ಕಡೆ ತೂಕದ ಏರಿಕೆ, ಇನ್ನೊಂದು ಕಡೆ ಪೋಷಕಾಂಶಗಳ ಕೊರತೆ. ಎಷ್ಟೋ ವೇಳೆ ಇವೆರಡೂ ಒಂದೇ ದೇಹದಲ್ಲಿ ಮನೆ ಮಾಡಿರುತ್ತವೆ.

ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ಪ್ರಶ್ನೆಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕಾಗಿದೆ. ಹುತಾತ್ಮ ಮೈಲಾರ ಮಹಾದೇವಪ್ಪನವರ ಹುಟ್ಟೂರಾದ ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಪುಣೆ-ಬೆಂಗಳೂರು ಹೆದ್ದಾರಿಯ ಮೇಲಿರುವ ಈ ಊರಿನ ಮಹಿಳೆಯೊಬ್ಬರು ಮಧುಮೇಹ, ಮಂಡಿನೋವುಗಳಿಂದ ಬೇಸತ್ತು ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರೆಂದು ಇಟ್ಟುಕೊಳ್ಳಿ. ಕೆಲವೇ ದಿನಗಳಲ್ಲಿ ಅವರು ಮನೆಗೆ ಮರಳುತ್ತಾರೆ. ವೈದ್ಯರು ನಗರದಲ್ಲೇ ಉಳಿಯುತ್ತಾರೆ; ಬದುಕಿನುದ್ದಕ್ಕೂ ಪಾಲಿಸಬೇಕಾದ ಪಥ್ಯ ಮಾತ್ರ ಅವರೊಂದಿಗೆ ಊರಿಗೆ ಬರುತ್ತದೆ.

ಮೂರು-ನಾಲ್ಕು ತಿಂಗಳು ಕಳೆಯುವಷ್ಟರಲ್ಲಿ ಬಾಚಣಿಗೆಯ ತುಂಬ ಕೂದಲು ಬರತೊಡಗುತ್ತದೆ. ಇದು ಅನೇಕರ ಅನುಭವ, ಇದಕ್ಕೆ ಕಾರಣವೂ ಸ್ಪಷ್ಟ. ನಮ್ಮ ತಲೆಯ ಸುಮಾರು ಒಂದು ಲಕ್ಷ ಕೂದಲುಗಳಲ್ಲಿ ಶೇ 85ರಿಂದ 90ರಷ್ಟು ಬೆಳೆಯುವ ಹಂತದಲ್ಲಿರುತ್ತವೆ, ಉಳಿದವು ವಿಶ್ರಾಂತಿಯಲ್ಲಿರುತ್ತವೆ. ದೊಡ್ಡ ಶಸ್ತ್ರಚಿಕಿತ್ಸೆ, ತೂಕದ ದಿಢೀರ್ ಇಳಿಕೆ, ಆಹಾರದ ಕಡಿತ ಇವುಗಳ ಆಘಾತಕ್ಕೆ ಸಿಕ್ಕಿದ ದೇಹವು ಬಹಳಷ್ಟು ಕೂದಲುಗಳನ್ನು ಒಮ್ಮೆಲೇ ವಿಶ್ರಾಂತಿಗೆ ದೂಡುತ್ತದೆ. ಅವು ಎರಡು-ಮೂರು ತಿಂಗಳ ನಂತರ ಒಟ್ಟಾಗಿ ಉದುರುತ್ತವೆ. ಬೇರು ಸಾಯುವುದಿಲ್ಲವಾದ್ದರಿಂದ, ಪೋಷಣೆ ಸರಿಯಾಗಿದ್ದರೆ ಸಾಮಾನ್ಯವಾಗಿ ಆರರಿಂದ ಹನ್ನೆರಡು ತಿಂಗಳಲ್ಲಿ ಕೂದಲು ಮರಳಿ ಬೆಳೆಯುತ್ತದೆ.

ಆದರೆ ಕೂದಲು ಉದುರಿದರೆ ಊರಿಗೆಲ್ಲ ಕಾಣುತ್ತದೆ. ರಕ್ತದಲ್ಲಿ ಕಬ್ಬಿಣಾಂಶ ಕಡಿಮೆಯಾದರೆ ಯಾರಿಗೂ ಕಾಣುವುದಿಲ್ಲ. ಆದ್ದರಿಂದಲೇ ಮನೆಯ ಹಣ ಕಾಣುವ ತೊಂದರೆಯ ಹಿಂದೆ ಹೋಗುತ್ತದೆ. ಔಷಧಿ ಅಂಗಡಿಯಲ್ಲಿ ಕೂದಲಿಗೆಂದು ಮಾರುವ ಬಯೋಟಿನ್ ಮಾತ್ರೆಗಳ ಡಬ್ಬಿ ಮನೆ ಸೇರುತ್ತದೆ. ಬಯೋಟಿನ್ ಕೊರತೆ ಇಲ್ಲದವರಿಗೆ ಅದರಿಂದ ಲಾಭವಿದೆ ಎಂಬುದಕ್ಕೆ ಗಟ್ಟಿಯಾದ ಆಧಾರವಿಲ್ಲ. ಹೆಚ್ಚಿನ ಪ್ರಮಾಣದ ಬಯೋಟಿನ್ ಕೆಲವು ರಕ್ತಪರೀಕ್ಷೆಗಳ ಫಲಿತಾಂಶವನ್ನೇ ತಪ್ಪಿಸಬಲ್ಲುದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2017ರಲ್ಲಿ ಎಚ್ಚರಿಸಿತು. ಹೃದಯಾಘಾತವನ್ನು ಪತ್ತೆಮಾಡುವ ಟ್ರೊಪೋನಿನ್ ಪರೀಕ್ಷೆಯೂ ಇವುಗಳಲ್ಲಿ ಸೇರಿದೆ.

ನಿಜವಾದ ಅಪಾಯ ಇರುವುದು ಬೇರೆಡೆ. ಸ್ಲೀವ್ ವಿಧಾನದಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚನ್ನು ಕತ್ತರಿಸಿ ತೆಗೆಯುತ್ತಾರೆ. ಬೈಪಾಸ್ ವಿಧಾನದಲ್ಲಿ ಆಹಾರವು ಸಣ್ಣ ಕರುಳಿನ ಮೊದಲ ಭಾಗವನ್ನು ಬಳಸಿಕೊಂಡು ಮುಂದೆ ಸಾಗುತ್ತದೆ. ಕಬ್ಬಿಣ ಮತ್ತು ಸುಣ್ಣದ ಅಂಶಗಳನ್ನು ದೇಹ ಮುಖ್ಯವಾಗಿ ಹೀರಿಕೊಳ್ಳುವುದು ಅಲ್ಲಿಯೇ. ಬಿ-12 ಹೀರಿಕೆಗೆ ಜಠರದ ಸ್ರಾವಗಳು ಬೇಕು. ಪ್ರಾಣಿಮೂಲದ ಆಹಾರದಲ್ಲಷ್ಟೇ ಸಾಕಷ್ಟು ಸಿಗುವ ಈ ವಿಟಮಿನ್ ಸಸ್ಯಾಹಾರಿಗಳಿಗೆ ಹಾಲು-ಮೊಸರಿನಿಂದಲೇ ದಕ್ಕಬೇಕು. ಯಕೃತ್ತಿನಲ್ಲಿ ಅದರ ದಾಸ್ತಾನು ವರ್ಷಗಟ್ಟಲೆ ಇರುವುದರಿಂದ ಕೊರತೆ ತಡವಾಗಿ ಗೊತ್ತಾಗುತ್ತದೆ. ಕೈಕಾಲು ಜೋಮು ಹಿಡಿಯುವ ಹೊತ್ತಿಗೆ ನರಗಳಿಗೆ ಹಾನಿಯಾಗಿರಬಹುದು. ಬಿ-1ರ ದಾಸ್ತಾನಾದರೋ ಕೆಲವೇ ವಾರಗಳದ್ದು. ಶಸ್ತ್ರಚಿಕಿತ್ಸೆಯ ನಂತರ ವಾಂತಿ ನಿಲ್ಲದಿದ್ದರೆ ಅದು ಮೆದುಳಿಗೇ ಕುತ್ತು ತರಬಲ್ಲ ತುರ್ತುಸ್ಥಿತಿ.

ಇದಕ್ಕೆ ಪರಿಹಾರ ನಿಗೂಢವೇನಲ್ಲ. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕು. ಒಂದು ಮೊಟ್ಟೆಯಲ್ಲಿರುವುದು ಸುಮಾರು ಆರು ಗ್ರಾಂ. ಕಿರಿದಾದ ಹೊಟ್ಟೆಯನ್ನು ರೊಟ್ಟಿಯೇ ತುಂಬಿಬಿಟ್ಟರೆ ಕಾಳುಪಲ್ಯಕ್ಕೆ ಜಾಗ ಉಳಿಯದು. ಆದ್ದರಿಂದ ಕಾಳು, ಮೊಸರು, ಮೊಟ್ಟೆ ಮೊದಲು, ರೊಟ್ಟಿ ಆಮೇಲೆ. ಮಲ್ಟಿವಿಟಮಿನ್, ಕಬ್ಬಿಣ, ಕ್ಯಾಲ್ಸಿಯಂ, ಡಿ ಮತ್ತು ಬಿ-12ಗಳನ್ನು ವೈದ್ಯರು ಹೇಳಿದ ಪ್ರಮಾಣದಲ್ಲಿ ಜೀವನಪರ್ಯಂತ ತೆಗೆದುಕೊಳ್ಳಬೇಕು. ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳ ನಡುವೆ ಎರಡು ಗಂಟೆಯ ಅಂತರವಿರಬೇಕು. ಕಬ್ಬಿಣದ ಮಾತ್ರೆಯನ್ನು ಚಹಾದೊಂದಿಗೆ ನುಂಗಬಾರದು. ಮೊದಲ ವರ್ಷದಲ್ಲಿ ಹಲವು ಬಾರಿ, ನಂತರ ವರ್ಷಕ್ಕೊಮ್ಮೆಯಾದರೂ ರಕ್ತಪರೀಕ್ಷೆ ಆಗಬೇಕು. ವರ್ಷ ಕಳೆದರೂ ಕೂದಲು ಉದುರುವುದು ನಿಲ್ಲದಿದ್ದರೆ ಕಬ್ಬಿಣ, ಸತು ಅಥವಾ ಪ್ರೋಟೀನಿನ ಕೊರತೆಯನ್ನು ಶಂಕಿಸಬೇಕು.

ಇಲ್ಲಿ ಅರ್ಥಶಾಸ್ತ್ರದ ಪ್ರಶ್ನೆ ಎದುರಾಗುತ್ತದೆ. ಕೆರೆ ಕಟ್ಟಲು ಹಣ ಮಂಜೂರಾಗುತ್ತದೆ, ಹೂಳೆತ್ತಲು ಆಗುವುದಿಲ್ಲ ಎಂಬುದು ಆಡಳಿತದಲ್ಲಿ ದುಡಿದವರಿಗೆಲ್ಲ ಗೊತ್ತಿರುವ ಸಂಗತಿ. ಬಂಡವಾಳ ವೆಚ್ಚಕ್ಕೆ ಸಿಗುವ ಗೌರವ ನಿರ್ವಹಣಾ ವೆಚ್ಚಕ್ಕೆ ಸಿಗುವುದಿಲ್ಲ. ಈ ಚಿಕಿತ್ಸೆಯ ವಿಷಯದಲ್ಲೂ ಆಗಿರುವುದು ಅದೇ. ವಿಮಾ ನಿಯಂತ್ರಣ ಪ್ರಾಧಿಕಾರವು 2019ರ ಸೆಪ್ಟೆಂಬರ್‌ನಲ್ಲಿ ಆರೋಗ್ಯ ವಿಮೆಯ ಹೊರಗಿಡುವಿಕೆಗಳಿಗೆ ಏಕರೂಪದ ಪದಗಳನ್ನು ಗೊತ್ತುಪಡಿಸಿತು. ಅದರ ಆರನೇ ಸಂಕೇತದಡಿ, ದೇಹತೂಕ ಸೂಚ್ಯಂಕ 40 ಅಥವಾ ಮೇಲ್ಪಟ್ಟವರಿಗೆ ಮತ್ತು ಗಂಭೀರ ಸಹಕಾಯಿಲೆಗಳಿದ್ದು ಸೂಚ್ಯಂಕ 35 ಅಥವಾ ಮೇಲ್ಪಟ್ಟವರಿಗೆ, ವೈದ್ಯರ ಸಲಹೆಯ ಮೇಲೆ, ಈ ಶಸ್ತ್ರಚಿಕಿತ್ಸೆಯ ಬಾಗಿಲು ತೆರೆಯಿತು. ಸ್ವಾಗತಾರ್ಹ ಕ್ರಮವೇ. ಆದರೆ ಅದೇ ಪಟ್ಟಿಯ ಹದಿನಾಲ್ಕನೇ ಸಂಕೇತವು, ಆಸ್ಪತ್ರೆವಾಸದ ಕ್ಲೇಮಿನ ಭಾಗವಾಗಿ ವೈದ್ಯರು ಬರೆದುಕೊಟ್ಟ ಹೊರತು, ವಿಟಮಿನ್ ಮತ್ತು ಖನಿಜಾಂಶಗಳ ವೆಚ್ಚವನ್ನು ಹೊರಗಿಡುತ್ತದೆ. ಡಿಸ್ಚಾರ್ಜ್ ನಂತರದ ಖರ್ಚು ಬಹಳಷ್ಟು ಪಾಲಿಸಿಗಳಲ್ಲಿ 60 ಅಥವಾ 90 ದಿನಗಳಿಗೆ ಸೀಮಿತ. ಎಂದರೆ, ಕೂದಲು ಉದುರತೊಡಗುವ ಹೊತ್ತಿಗೆ ವಿಮೆ ಕೈಬಿಟ್ಟಿರುತ್ತದೆ.

ಉಳಿದವರಿಗೆ ವಿಟಮಿನ್ ಮಾತ್ರೆ ಐಚ್ಛಿಕವಿರಬಹುದು. ಆದರೆ ಜಠರವನ್ನೇ ಕತ್ತರಿಸಿಕೊಂಡವರಿಗೆ ಅದು ಚಿಕಿತ್ಸೆಯ ಅರ್ಧಭಾಗ. ಮೊದಲರ್ಧಕ್ಕೆ ಹಣ ಕೊಟ್ಟು ಎರಡನೆಯದಕ್ಕೆ ಕೈ ಮುಚ್ಚುವುದು ಜಾಣತನದ ಉಳಿತಾಯವಲ್ಲ.

ಆಗಬೇಕಾದ ಕೆಲಸಗಳು ದುಬಾರಿಯವೇನಲ್ಲ. ಶಸ್ತ್ರಚಿಕಿತ್ಸೆಗೆ ಸಹಿ ಪಡೆಯುವ ಮುನ್ನವೇ ಮಾತ್ರೆ ಹಾಗೂ ಪರೀಕ್ಷೆಗಳ ವಾರ್ಷಿಕ ವೆಚ್ಚದ ಅಂದಾಜನ್ನು ಆಸ್ಪತ್ರೆಗಳು ಕನ್ನಡದಲ್ಲಿ ಬರೆದುಕೊಡಬೇಕು. ರಕ್ತಹೀನತೆ ಇದ್ದವರಿಗೆ ಮೊದಲು ಅದನ್ನು ಸರಿಪಡಿಸಬೇಕು. ಶಸ್ತ್ರಚಿಕಿತ್ಸೆಯ ವಿಧಾನ, ಮಾತ್ರೆಗಳು, ಪರೀಕ್ಷೆಯ ದಿನಾಂಕಗಳನ್ನು ಬರೆದ ಕಾರ್ಡು ರೋಗಿಯ ಕೈಯಲ್ಲಿದ್ದರೆ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ದಾರಿ ತಿಳಿಯುತ್ತದೆ. ಬಿ-12 ಚುಚ್ಚುಮದ್ದು ತಿಂಗಳಿಗೊಮ್ಮೆ ಅಲ್ಲಿಯೇ ದೊರೆಯುವಂತಾಗಬೇಕು. ಹದಿನಾಲ್ಕನೇ ಸಂಕೇತಕ್ಕೆ, ಈ ಶಸ್ತ್ರಚಿಕಿತ್ಸೆಗೆ ಒಳಗಾದವರ ಮಟ್ಟಿಗೆ, ಒಂದು ವಿನಾಯಿತಿ ಸೇರಬೇಕು.

ಉದುರಿದ ಕೂದಲು ಬಹುತೇಕ ಮರಳಿ ಬರುತ್ತದೆ. ಹಾನಿಗೊಂಡ ನರ ಹಾಗೆ ಮರಳುತ್ತದೆಂಬ ಭರವಸೆಯಿಲ್ಲ. ಯಾವುದಕ್ಕೆ ಮೊದಲು ಹಣ ತೆಗೆದಿಡಬೇಕೆಂಬುದನ್ನು ಕುಟುಂಬವೂ ವಿಮಾ ಕಂಪನಿಯೂ ಸರ್ಕಾರವೂ ಶಸ್ತ್ರಚಿಕಿತ್ಸೆಯ ಹಿಂದಿನ ದಿನವೇ ಲೆಕ್ಕ ಹಾಕಬೇಕು.